ಕಾಶಿಯಲ್ಲಿ ಹಂದಿ ಬಿಟ್ಟು ಬಂದವರು

ಸತ್ತವರ ಎಡೆಗೆ ಹಂದಿ ಮಾಂಸ ಇಡಬೇಕೋ ಬೇಡವೋ ಎಂಬ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಒಮ್ಮೆ ನನಗೆ ಕರೆ ಬಂದಿತ್ತು. ನಾನೊಬ್ಬ ಪ್ರೈಮರಿ ಶಾಲೆ ಮೇಷ್ಟ್ರು. ಬಳಪ ಕದ್ದವರು ಯಾರು, ಜಡೆ ಎಳೆದವರು ಯಾರು ಎಂಬ ಮೊಕದ್ದಮೆಗಳನ್ನು ಬೇಕಾದಷ್ಟು ತೀರ್ಮಾನ ಮಾಡಿದ್ದೇನೆಯೇ ಹೊರತು ಪರಲೋಕದವರ ಊಟದ ವಿಷಯ ನನಗೇನು ಗೊತ್ತು? ಆದರೂ ರಜೆ ಹಾಕಿ ಆಲೂರಿನಲ್ಲಿ ಬೆಳಗೋಡಿನ ಬಸ್ಸು ಹತ್ತಿದೆ. ಹತ್ತದೆ ವಿಧಿಯಿರಲಿಲ್ಲ, ಏಕೆಂದರೆ ಸತ್ತವರು ನಮ್ಮ ರೈಟರಣ್ಣ.

ಫೋನ್ ಮಾಡಿದ್ದವಳು ಅವರ ಒಬ್ಬಳೇ ಮಗಳು. "ಚಿಕ್ಕಪ್ಪ, ನಾಳಿದ್ದು ತಿಥಿ. ಅಪ್ಪನ ಎಡೆಗೆ ಹಂದಿ ಇಡ್ಲೇಬೇಕು ಅಂತ ದೊಡ್ಡಪ್ಪ ಕುಂತವ್ರೆ. ಇಟ್ರೆ ನಾನು ಎದ್ದೋಯ್ತೀನಿ ಅಂತ ಪಾಳ್ಯದ ಮಾವ ನಿಂತವ್ರೆ. ಕಾಶಿಲಿ ಅಪ್ಪ ಅದನ್ನ ಬುಟ್ಟಾಗ ಪಕ್ಕದಲ್ಲಿ ಇದ್ದೋರು ನೀವು. ಬಂದು ಒಂದು ಮಾತು ಹೇಳ್ಬುಡಿ. ಈ ಗಂಡಸರ ಕೈಲಿ ನನಗೆ ಸಾಕಾಗೋಗೈತೆ" ಎಂದಳು. ಅಳುತ್ತ ಶುರು ಮಾಡಿದ್ದವಳು ಹಂದಿಯ ಹೆಸರು ಬಂದೊಡನೆ ಮೂಗೊರೆಸಿಕೊಂಡು ನಕ್ಕುಬಿಟ್ಟಳು. ರೈಟರಣ್ಣನ ವಿಷಯದಲ್ಲಿ ಯಾರಿಗೂ ಪೂರ್ತಿ ಅಳಲು ಆಗುವುದಿಲ್ಲ.

ನಮ್ಮ ಹಾಸನದ ಕಡೆ ತಿಥಿಯ ದಿನ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ ಇಡುತ್ತಾರೆ, ಬೆಂಕಿಪೊಟ್ಟಣ ಸಮೇತ. ಇಷ್ಟದ್ದೊಂದು ತಪ್ಪಿದರೂ ಜೀವ ಮನೆ ಬಾಗಿಲಲ್ಲೇ ಸುಳಿದಾಡುತ್ತದೆ ಎಂಬ ಅಂಜಿಕೆ. ಇನ್ನೊಂದು ಕಡೆ, ಕಾಶಿಗೆ ಹೋದವರು ಗಂಗೆಯಲ್ಲಿ ನಿಂತು ಪ್ರಿಯವಾದ ಒಂದು ತಿನಿಸನ್ನು ಬಿಟ್ಟು ಬರಬೇಕು. ಬಿಟ್ಟದ್ದನ್ನು ಮತ್ತೆ ಮುಟ್ಟಿದರೆ ಯಾತ್ರೆಯ ಪುಣ್ಯವೆಲ್ಲ ನೀರುಪಾಲು. ರೈಟರಣ್ಣನಿಗೆ ಈ ಜಗತ್ತಿನಲ್ಲಿ ಅತ್ಯಂತ ಪ್ರಿಯವಾದದ್ದೂ ಹಂದಿ, ಕಾಶಿಯಲ್ಲಿ ಬಿಟ್ಟು ಬಂದದ್ದೂ ಹಂದಿ. ಇಟ್ಟರೆ ಗಂಗೆಗೆ ಮೋಸ, ಇಡದಿದ್ದರೆ ಅಣ್ಣನಿಗೆ ಉಪವಾಸ. ಬಸ್ಸಿನಲ್ಲಿ ಕೂತು ಎಷ್ಟು ತಲೆ ಕೆರೆದುಕೊಂಡರೂ ನನಗೆ ದಾರಿ ಹೊಳೆಯಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತೈದರ ಸುಮಾರಿಗೆ. ವನಗೂರಿನ ಕಡೆಯ ಶಾಲೆಯೊಂದಕ್ಕೆ ನನಗೆ ಆರ್ಡರ್ ಬಂದಿತ್ತು. ನಾನು ಅರಸೀಕೆರೆ ಸೀಮೆಯವನು. ತೆಂಗಿನ ಮರ, ರಾಗಿ ಹೊಲ, ನೆಟ್ಟಗೆ ಇರುವ ರಸ್ತೆ ಬಿಟ್ಟು ಬೇರೇನೂ ಕಂಡವನಲ್ಲ. ಆ ಗುಡ್ಡದ ದಾರಿಯಲ್ಲಿ ಜೀಪಿನ ಹಿಂದೆ ಅಕ್ಕಿ ಮೂಟೆಯ ಮೇಲೆ ಕೂತು ಹೋಗುವಾಗ ಬದುಕಿದರೆ ಸಾಕು ಎನ್ನಿಸಿತ್ತು. ಊರಲ್ಲಿ ಬಾಡಿಗೆ ಮನೆ ಇರಲಿಲ್ಲ. ಪಕ್ಕದ ಕಾಫಿ ಎಸ್ಟೇಟಿನವರು ಕೆಲಸದವರ ಮನೆಸಾಲಿನ, ಅಂದರೆ ಲೈನಿನ, ತುದಿಯ ಒಂದು ಕೋಣೆ ಕೊಟ್ಟರು. ಅದರ ಆಚೆ ಮನೆಯೇ ಎಸ್ಟೇಟಿನ ರೈಟರದು.

ಎಸ್ಟೇಟಿನ ರೈಟರ್ ಎಂದರೆ ಆಳುಗಳ ಹಾಜರಿ ಹಿಡಿಯುವುದು, ಕೊಯ್ದ ಹಣ್ಣು ತೂಗಿಸುವುದು, ಧಣಿಗಳ ಬೈಗುಳವನ್ನು ಅರ್ಧ ಮಾಡಿ ಆಳುಗಳಿಗೆ ತಲುಪಿಸುವುದು, ಆಳುಗಳ ಬೈಗುಳವನ್ನು ಪೂರ್ತಿ ನುಂಗಿ ಧಣಿಗಳ ಮುಂದೆ ನಗುವುದು. ಈ ನಗುವ ಕೆಲಸಕ್ಕೆ ರೈಟರಣ್ಣನೇ ಸರಿ. ಕುಳ್ಳಗೆ, ಗುಂಡಗೆ, ಖಾಕಿ ಚಡ್ಡಿ, ಅದರ ಮೇಲೆ ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ರೇಷ್ಮೆ ಅಂಗಿ. ನಕ್ಕರೆ ಮೊದಲು ಹೊಟ್ಟೆ ನಗುತ್ತಿತ್ತು, ಆಮೇಲೆ ಭುಜ, ಕೊನೆಗೆ ಬಾಯಿ. ಮಾತು ಕೇಳುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಣ್ಣು ಅರ್ಧ ಮುಚ್ಚುತ್ತಿದ್ದರು. ಎಷ್ಟು ಗಮನ ಕೊಡುತ್ತಾರಪ್ಪ ಎಂದು ನಾನು ಹಿಗ್ಗಿದ್ದೆ. ಒಲೆಯ ಮೇಲಿನ ಪಾತ್ರೆಯ ಸದ್ದು ಕೇಳಿ ಕೇಳಿ ಬಂದ ಅಭ್ಯಾಸ ಅದು ಎಂದು ಗೊತ್ತಾದದ್ದು ನಾನು ಅಲ್ಲಿಗೆ ಬಂದ ಮೊದಲ ಭಾನುವಾರ.

ಅಂದು ಸಂಜೆ ಬೇಲಿಯಾಚೆಯಿಂದ ಕೂಗಿದರು. "ಮೇಷ್ಟ್ರೆ, ಟವಲ್ ತಗೊಂಡು ಸ್ನಾನಕ್ಕೆ ಬನ್ನಿ. ನೀರು ಕಾದೈತೆ." ಎಂಥ ಉಪಕಾರಿ ಮನುಷ್ಯ ಎಂದುಕೊಂಡು ಹೋದೆ. ಬಚ್ಚಲ ಮನೆ ಹಿತ್ತಲಿನಲ್ಲಿ ಬೇರೆಯಾಗಿತ್ತು. ಅದರ ಮುಂದೆ ಆಗಲೇ ನಾಲ್ಕಾರು ಗಂಡಸರು ಹೆಗಲ ಮೇಲೆ ಟವಲ್ ಹಾಕಿಕೊಂಡು ಕೂತಿದ್ದರು. ಜೀಪಿನ ಡ್ರೈವರ್, ಸ್ಟೋರ್ ನೋಡಿಕೊಳ್ಳುವವನು, ಇನ್ನೂ ಯಾರೋ. ಒಬ್ಬನಿಗೂ ಸ್ನಾನದ ಅವಸರ ಇದ್ದಂತೆ ಕಾಣಲಿಲ್ಲ. ಎಲ್ಲರೂ ಒಲೆಯ ಕಡೆಗೇ ನೋಡುತ್ತಿದ್ದರು. ದೊಡ್ಡ ತಾಮ್ರದ ಹಂಡೆಯ ಪಕ್ಕದ ಒಲೆಕಣ್ಣಿನ ಮೇಲೆ ಮಸಿ ಹಿಡಿದ ಒಂದು ಡಬರಿ ಕೂತಿತ್ತು. ಅದರಿಂದ ಬಂದ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು.

ಬಚ್ಚಲೊಲೆಯಲ್ಲಿ ಅಡುಗೆ ಯಾಕೆಂದರೆ, ರೈಟರಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಹಂದಿ ಮಾಂಸವನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ರೈಟರಣ್ಣ ಗುಡ್ಡದವರು, ಅತ್ತಿಗೆ ಆಲೂರು ತಾಲೂಕು ಪಾಳ್ಯದ ಕಡೆಯವರು. ಆ ಕಡೆ ಕುರಿ, ಕೋಳಿ, ಕೆರೆ ಮೀನು ಎಲ್ಲ ಆಗುತ್ತದೆ, ಹಂದಿ ಮಾತ್ರ ಆಗುವುದಿಲ್ಲ. ಗುಡ್ಡದ ಕಡೆ ಹಂದಿ ಇಲ್ಲದಿದ್ದರೆ ನೆಂಟರು ಮುನಿಸಿಕೊಳ್ಳುತ್ತಾರೆ. ಒಂದೇ ಜಾತಿ, ಒಂದೇ ದೇವರು, ನಡುವೆ ಒಂದು ಬಸ್ಸಿನ ದಾರಿ, ಇಷ್ಟಕ್ಕೇ ಸಂಸಾರದಲ್ಲಿ ಎರಡು ದೇಶ. ಮದುವೆಯಾದ ಹೊಸದರಲ್ಲೇ ಅತ್ತಿಗೆ ಗಡಿ ಎಳೆದಿದ್ದರು. ಆ ಡಬರಿ, ಆ ಸೌಟು, ಆ ಚಾಕು ಬಚ್ಚಲ ಜಂತೆಯಿಂದ ಈಚೆ ಬರಕೂಡದು. ಮಾಡಿದವರು, ತಿಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟಕೂಡದು. ಅದಕ್ಕೇ ಎಲ್ಲರ ಹೆಗಲ ಮೇಲೂ ಟವಲ್. ಒಂದೇ ಸೌದೆಯಲ್ಲಿ ನೀರೂ ಕಾಯುತ್ತಿತ್ತು, ಹಂದಿಯೂ ಬೇಯುತ್ತಿತ್ತು.

ಆದರೆ ಅಕ್ಕಿರೊಟ್ಟಿ ಮಾತ್ರ ಅತ್ತಿಗೆಯದೇ. ಅಡುಗೆಮನೆಯ ಕಿಟಕಿಯಿಂದ ಮೊರ ಹೊರಗೆ ಚಾಚುತ್ತಿತ್ತು. ಅದರ ಮೇಲೆ ಬಿಸಿ ರೊಟ್ಟಿ. ಕೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. "ಹೊಲಸು ತಿನ್ನೋರೆಲ್ಲ ಬಂದ್ರಾ?" ಎಂಬ ದನಿ ಬರುತ್ತಿತ್ತು. "ಬಂದ್ವಿ ಅತ್ತಿಗೆ" ಎಂದು ನಾವೆಲ್ಲ ಒಟ್ಟಿಗೆ ಹಾಜರಿ ಹೇಳುತ್ತಿದ್ದೆವು. ಬೈಯುತ್ತಲೇ ಇನ್ನೊಂದು ಮೊರ ರೊಟ್ಟಿ ಬರುತ್ತಿತ್ತು.

ನಾನು ಆ ಮೊದಲ ದಿನ ಬರೀ ರೊಟ್ಟಿ ಸಾಕು ಎಂದಿದ್ದೆ. ರೈಟರಣ್ಣ ಒತ್ತಾಯ ಮಾಡಲಿಲ್ಲ. ರೊಟ್ಟಿಯ ತುದಿಗೆ ಡಬರಿಯ ತಳದ ಕಪ್ಪು ಮಸಾಲೆಯನ್ನು ಒಂದಿಷ್ಟು ಸವರಿ, "ಇದು ಹಂದಿಯಲ್ಲ ಮೇಷ್ಟ್ರೆ, ಹಂದಿಯ ನೆರಳು" ಎಂದರು. ನೆರಳು ತಿಂದೆ. ಆಮೇಲೆ ತುಂಡನ್ನೂ ತಿಂದೆ. ಕಾಳುಮೆಣಸಿನ ಖಾರ ಕಿವಿಗೆ ಏರಿ, ಹುಳಿ ನಾಲಿಗೆಯ ಬದಿಗೆ ಜಾರಿ, ಕೊಬ್ಬು ಬಾಯಲ್ಲಿ ಕರಗಿಹೋಯಿತು. ನನ್ನ ಅರಸೀಕೆರೆಯ ಅಜ್ಜಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ನಾನು ಎಲೆ ನೆಕ್ಕಿದೆ.

ಅವರ ಅಡುಗೆಯಲ್ಲಿ ಗುಟ್ಟು ಇರಲಿಲ್ಲ. ಕೇಳಿದವರಿಗೆಲ್ಲ, ಕೇಳದವರಿಗೂ, ಹೇಳಿಕೊಡುತ್ತಿದ್ದರು. "ಬಾಡು ತೊಳೆದು ಬಸಿದ್ರಾ? ಉಪ್ಪು, ಅರಿಶಿನ, ಖಾರದ ಪುಡಿ ಕಲಸಿ ಮಡಗಿ. ಶುಂಠಿ ಬೆಳ್ಳುಳ್ಳಿ ಜಜ್ಜಿ. ಅರೀಬ್ಯಾಡಿ, ಜಜ್ಜಿ. ಸೂಜಿ ಮೆಣಸಿನಕಾಯಿ ನಾಕು ಬೀಳ್ಲಿ. ಮುಚ್ಚಿ ಒಲೆ ಮೇಲೆ ಕೂರ್ಸಿ ನಿಮ್ಮ ಪಾಡಿಗೆ ನೀವು ಪೇಪರ್ ಓದಿ. ನೀರು ಹಾಕ್ಬ್ಯಾಡಿ, ಅದರ ನೀರು ಅದೇ ಬುಡ್ತದೆ. ಹಂದಿಗೆ ಎಣ್ಣೆ ಹಾಕೋನೂ ಒಂದೇ, ಕೆರೆಗೆ ನೀರು ಹೊತ್ತಾಕೋನೂ ಒಂದೇ." ನೀರು ಇಂಗುವವರೆಗೆ ಪಾತ್ರೆ ಗೊಳಗೊಳ ಎನ್ನುತ್ತದೆ. ಇಂಗಿದ ಮೇಲೆ ಕೊಬ್ಬು ಕರಗಿ ಚಟಪಟ ಎನ್ನುತ್ತದೆ. ಆ ಸದ್ದು ಬದಲಾಗುವ ಗಳಿಗೆಗೇ ಅವರು ತಲೆ ವಾಲಿಸಿಕೊಂಡು ಕಾಯುತ್ತಿದ್ದದ್ದು. ಆಗ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚಿಟಿಕೆ ಸಾಸಿವೆ ಕಪ್ಪಗೆ ಹುರಿದು ಕುಟ್ಟಿದ ಪುಡಿ ಬೀಳುತ್ತಿತ್ತು. ಇಳಿಸುವ ಹೊತ್ತಿಗೆ ಕೊಡಗಿನ ಕಡೆಯಿಂದ ತರಿಸಿದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಒಂದು ಚಮಚ. ಅಷ್ಟೇ. ಮುಚ್ಚಳ ತೆಗೆದು ತೆಗೆದು ನೋಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅವನು ಅಡುಗೆ ಮಾಡ್ತಿಲ್ಲ ಕಣ್ರೀ, ಅನುಮಾನ ಮಾಡ್ತಾವ್ನೆ" ಎನ್ನುತ್ತಿದ್ದರು.

ನಾನು ಒಂಟಿ. ವಾರವಿಡೀ ಅನ್ನ, ಉಪ್ಪಿನಕಾಯಿ, ಮಜ್ಜಿಗೆ. ಅದನ್ನು ಕಂಡು ಅವರಿಗೆ ನನಗಿಂತ ಹೆಚ್ಚು ಸಂಕಟವಾಯಿತು. "ಕುಕ್ಕರ್ ಐತಲ್ಲ ಮಾರಾಯ್ರೆ, ಅದರಲ್ಲೂ ಆಯ್ತದೆ" ಎಂದು ಸೋಮಾರಿಗಳ ದಾರಿಯನ್ನೂ ಹೇಳಿಕೊಟ್ಟರು. ಎಲ್ಲವನ್ನೂ ಒಟ್ಟಿಗೆ ಕಲಸಿ ಕುಕ್ಕರಿಗೆ ಹಾಕಿ ಸೀಟಿ ಹೊಡೆಸುವುದು, ಮುಚ್ಚಳ ತೆಗೆದು ನೀರು ಇಂಗಿಸುವುದು, ಮೆಣಸಿನ ಪುಡಿ ಉದುರಿಸುವುದು. ಮೊದಲ ಸಲ ಮಾಡಿದಾಗ ಒಂದನೆಯ ಸೀಟಿಗೇ ರೈಟರಣ್ಣ ಓಡಿ ಬಂದರು. ಎರಡನೆಯ ಸೀಟಿಗೆ ಡ್ರೈವರ್ ಬಂದ. ಕೋಣೆಯಲ್ಲಿ ಇದ್ದದ್ದು ಎರಡೇ ತಟ್ಟೆ. ನಾನು ಕುಕ್ಕರಿನ ಮುಚ್ಚಳದಲ್ಲಿ ತಿಂದೆ. ಆ ಮೂವರ ಊಟದಷ್ಟು ಗಲಾಟೆಯ ಊಟವನ್ನು ನಾನು ಯಾವ ಬೀಗರೂಟದಲ್ಲೂ ಉಂಡಿಲ್ಲ.

ಹೀಗೆ ಇದ್ದ ಮನುಷ್ಯ ಒಂದು ವರ್ಷ ಕಾಫಿ ಹೂವಿನ ಕಾಲದಲ್ಲಿ ಇದ್ದಕ್ಕಿದ್ದಂತೆ ಮಂಕಾದರು. ಅತ್ತಿಗೆಯ ಹೊಟ್ಟೆಯಲ್ಲಿ ಗಡ್ಡೆ ಎಂದು ಹಾಸನದ ಡಾಕ್ಟರು ಹೇಳಿದ್ದರು. ಆಪರೇಷನ್ ಆಯಿತು. ಅತ್ತಿಗೆ ಆಸ್ಪತ್ರೆಯಲ್ಲಿದ್ದಷ್ಟು ದಿನ ಬಚ್ಚಲೊಲೆ ಹೊತ್ತಲಿಲ್ಲ. ರೈಟರಣ್ಣ ತಣ್ಣೀರು ಸ್ನಾನ ಮಾಡಿಕೊಂಡು ಹಾಸನಕ್ಕೂ ಎಸ್ಟೇಟಿಗೂ ಓಡಾಡಿದರು. ಅಂಗಿ ದೊಗಳೆಯಾಯಿತು. ನಾವು ಟವಲ್ ಗ್ಯಾಂಗಿನವರು ಬೇಲಿಯ ಹತ್ತಿರ ನಿಂತು ತಣ್ಣಗಿದ್ದ ಒಲೆ ನೋಡಿ ಹಿಂದಿರುಗುತ್ತಿದ್ದೆವು. ಕೊನೆಗೆ ಅತ್ತಿಗೆ ಜೀಪಿನಲ್ಲಿ ಮೆತ್ತೆಯ ಮೇಲೆ ಕೂತು ಮನೆಗೆ ಬಂದರು. ಬಂದವರು ಮೊದಲು ಕೇಳಿದ್ದು, "ನಾನಿಲ್ದಾಗ ಆ ಹೊಲಸು ಒಳಕ್ಕೆ ತಂದಿಲ್ಲ ತಾನೆ?" ಎಂದು. ರೈಟರಣ್ಣನ ಹೊಟ್ಟೆ ಮತ್ತೆ ನಗಲು ಶುರು ಮಾಡಿತು.

ಮುಂದಿನ ಬೇಸಿಗೆ ರಜೆಯಲ್ಲಿ ಕಾಶಿ ಯಾತ್ರೆ. ಸಕಲೇಶಪುರದ ಸುತ್ತಿನವರೆಲ್ಲ ಸೇರಿ ಒಂದು ದೊಡ್ಡ ಗುಂಪು ಹೊರಟಿತ್ತು. ಅತ್ತಿಗೆಯ ನಿತ್ರಾಣ ನೋಡಿ, ಜೊತೆಗೊಬ್ಬರು ಇರಲಿ ಎಂದು ನನ್ನನ್ನೂ ಎಳೆದುಕೊಂಡರು. ರೈಲಿನಲ್ಲಿ ನಮ್ಮ ಡಬ್ಬಿಯವರೆಲ್ಲ ಗಂಗೆಯಲ್ಲಿ ಏನು ಬಿಡುವುದು ಎಂಬ ಬಗ್ಗೆ ಊರ ಪಂಚಾಯಿತಿಗಿಂತ ಗಂಭೀರವಾಗಿ ಚರ್ಚೆ ಮಾಡಿದರು. ಹಾಗಲಕಾಯಿಗೆ ಬಹುಮತ ಬಂತು. ಮನೆಯಲ್ಲಿ ಕಂಡರೆ ಮುಖ ತಿರುಗಿಸುವವರೆಲ್ಲ ಅಂದು ಹಾಗಲಕಾಯಿಯ ಪರಮ ಭಕ್ತರಾದರು. ಒಬ್ಬ ಅಜ್ಜ ದ್ರಾಕ್ಷಿ, ಗೋಡಂಬಿ ಎರಡನ್ನೂ ಬಿಡುತ್ತೇನೆ ಎಂದ. ಅವನಿಗೆ ಒಂದು ಹಲ್ಲೂ ಇರಲಿಲ್ಲ. ನಾನು ಸೀಮೆಬದನೆ ಎಂದು ನಿರ್ಧಾರ ಮಾಡಿದೆ. ಲೈನಿನ ಬೇಲಿಯ ತುಂಬ ಅದೇ ಬಳ್ಳಿ, ವಾರವೆಲ್ಲ ಯಾರಾದರೊಬ್ಬರು ತಂದು ಕೊಡುತ್ತಿದ್ದರು. ದೇವರ ಹೆಸರಲ್ಲಿ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ರೈಟರಣ್ಣ ಮಾತ್ರ ಈ ಚರ್ಚೆಗೆ ಸೇರದೆ ಕಿಟಕಿಯ ಹತ್ತಿರ ಅತ್ತಿಗೆಗೆ ಗಾಳಿ ಬೀಸುತ್ತ ಕೂತಿದ್ದರು.

ಘಟ್ಟದಲ್ಲಿ ನಮ್ಮ ಗುಂಪಿಗೆ ಕನ್ನಡ ಬಲ್ಲ ಪುರೋಹಿತರೊಬ್ಬರು ಸಿಕ್ಕಿದ್ದರು. ಸೊಂಟದ ಮಟ್ಟ ನೀರಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಸಂಕಲ್ಪ ಮಾಡಿಸಿದರು. ಹಾಗಲಕಾಯಿ, ಹಾಗಲಕಾಯಿ, ಸೀಮೆಬದನೆ, ಹಾಗಲಕಾಯಿ ಎಂದು ಸಾಲು ಚಕಚಕ ಸಾಗಿತು. ರೈಟರಣ್ಣನ ಸರದಿ ಬಂತು. ಅವರು ಒಮ್ಮೆ ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯನ್ನು ನೋಡಿದರು. ಒದ್ದೆ ಸೀರೆಯಲ್ಲಿ ಅತ್ತಿಗೆ ಕಡ್ಡಿಯ ಹಾಗೆ ನಿಂತು ನಡುಗುತ್ತಿದ್ದರು. ರೈಟರಣ್ಣ ಕೈಯಲ್ಲಿ ನೀರು ಹಿಡಿದು ಗಟ್ಟಿಯಾಗಿ, "ಹಂದಿ" ಎಂದರು.

ಪುರೋಹಿತರ ಮಂತ್ರ ಗಂಟಲಲ್ಲೇ ನಿಂತಿತು. "ಫಲ ಹೇಳಿ, ಇಲ್ಲ ತರಕಾರಿ ಹೇಳಿ" ಎಂದು ಪಿಸುಗುಟ್ಟಿದರು. "ನನಗೆ ಅದೇ ಫಲ ಸ್ವಾಮಿ" ಎಂದರು ರೈಟರಣ್ಣ. ಪುರೋಹಿತರು ಆ ಕಡೆ ಈ ಕಡೆ ನೋಡಿ, ಹೆಸರು ಹೇಳದೆ, "ಪ್ರಿಯವಸ್ತು" ಎಂದು ಸೇರಿಸಿ ಮಂತ್ರ ಮುಗಿಸಿದರು. ಹಿಂದೆ ನಿಂತಿದ್ದ ಹಾಗಲಕಾಯಿ ಭಕ್ತರು ಗಂಗೆಯಲ್ಲೇ ಮುಳುಗುವಷ್ಟು ನಕ್ಕರು.

ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ಳುವಾಗ ನಾನು, "ಇದೇನಣ್ಣ ಹಿಂಗೆ ಮಾಡ್ಬುಟ್ರಿ? ಹಾಗಲಕಾಯಿ ಅಂದಿದ್ರೆ ಯಾರು ಕೇಳ್ತಿದ್ರು?" ಎಂದೆ. "ಇವಳ ಹೊಟ್ಟೆ ಕುಯ್ಯೋಕೆ ಒಳಕ್ಕೆ ಕರ್ಕೊಂಡೋದ್ರಲ್ಲ ಮೇಷ್ಟ್ರೆ, ಅವತ್ತು ಬಾಗಿಲ ಹೊರಗೆ ನಿಂತು ಹೇಳ್ಕೊಂಡಿದ್ದೆ. ಇವಳನ್ನ ಉಳಿಸ್ಕೊಡಪ್ಪ, ನನಗೆ ಬಲು ಇಷ್ಟವಾದ್ದ ಬುಟ್ಬುಡ್ತೀನಿ ಅಂತ. ಉಳಿಸ್ಕೊಟ್ಟ. ಈಗ ಹಾಗಲಕಾಯಿ ತೋರ್ಸಿದ್ರೆ ನಾಚ್ಕೆ ಆಗಲ್ವಾ?" ಎಂದರು. ಅತ್ತಿಗೆ ಪಕ್ಕದಲ್ಲೇ ಕೂತು ಸೀರೆ ಹಿಂಡುತ್ತಿದ್ದರು. "ಹೊಲಸು ಬುಡೋಕೆ ಕಾಶಿಗಂಟ ಬರ್ಬೇಕಾಗಿತ್ತಾ? ಪಾಳ್ಯದ ಕೆರೇಲಿ ಬುಟ್ಟಿದ್ರೂ ಆಗೋದು. ಇದೂ ಒಂದು ತ್ಯಾಗವಂತೆ!" ಎಂದು ನಕ್ಕರು. ರೈಟರಣ್ಣ ತಾವೂ ನಕ್ಕರು. ಅತ್ತಿಗೆಯ ಕಣ್ಣಿನಲ್ಲಿ ಅದು ಹೊಗೆಸೊಪ್ಪು ಬಿಟ್ಟಂತೆ, ಬೀಡಿ ಬಿಟ್ಟಂತೆ ಒಂದು ಒಳ್ಳೆಯ ಕೆಲಸ ಅಷ್ಟೇ.

ಊರಿಗೆ ಬಂದ ಮೊದಲ ಭಾನುವಾರ ನಾವು ಟವಲ್ ಇಲ್ಲದೆ, ಸಾವಿನ ಮನೆಗೆ ಹೋಗುವವರಂತೆ ಹೋದೆವು. ಹಿತ್ತಲಿನಲ್ಲಿ ಹೊಗೆ ಕಾಣಿಸಿತು. ರೈಟರಣ್ಣ ಶುಂಠಿ ಜಜ್ಜುತ್ತಿದ್ದರು. "ಬುಟ್ಟಿದ್ದು ತಿನ್ನೋದ್ನ ಮಾತ್ರ ಕಣ್ರೋ. ಮಾಡೋದ್ನ ಬುಡ್ತೀನಿ ಅಂತ ನಾನೆಲ್ಲಿ ಹೇಳಿದ್ದೆ? ಓಡಿ, ಟವಲ್ ತನ್ನಿ" ಎಂದರು. ನಾವು ಕುಣಿದೆವು. ಡ್ರೈವರ್ ಅವರನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಉಳುಕಿಸಿಕೊಂಡ.

ತೊಂದರೆ ಎಂದರೆ ಉಪ್ಪು. ಅವರು ರುಚಿ ನೋಡುವಂತಿಲ್ಲ. ನಮ್ಮನ್ನು ಕೇಳಿದರೆ ಪುಕ್ಕಟೆ ತಿನ್ನುವ ನಾಲಿಗೆಗಳು, "ಸೂಪರ್ ಅಣ್ಣ, ಸೂಪರ್" ಎನ್ನುವುದನ್ನು ಬಿಟ್ಟು ಬೇರೆ ಮಾತು ಕಲಿತಿರಲಿಲ್ಲ. ಒಂದು ವಾರ ಉಪ್ಪೇ ಇರಲಿಲ್ಲ, ಸೂಪರ್. ಇನ್ನೊಂದು ವಾರ ಸಮುದ್ರ, ಆಗಲೂ ಸೂಪರ್. ಕೊನೆಗೆ ಅವರೇ ಉಪಾಯ ಕಂಡುಕೊಂಡರು. ನಮ್ಮ ಬಾಯಿಯ ಮಾತು ಕೇಳುವುದನ್ನು ಬಿಟ್ಟು ಕೈ ನೋಡತೊಡಗಿದರು. ಕೈ ಚೊಂಬಿನ ಕಡೆ ಹೋದರೆ ಉಪ್ಪು ಹೆಚ್ಚು, ಉಪ್ಪಿನಕಾಯಿ ಕಡೆ ಹೋದರೆ ಕಮ್ಮಿ, ಎಲ್ಲಿಗೂ ಹೋಗದೆ ಎಲೆಯಲ್ಲೇ ಇದ್ದರೆ ಸರಿ. ಆಮೇಲೆ ಒಂದು ವಾರವೂ ತಪ್ಪಲಿಲ್ಲ.

ನಾವು ತಿನ್ನುವುದನ್ನು ನೋಡುತ್ತ ಅವರು ಎದುರಿಗೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ನಮ್ಮ ದವಡೆ ಆಡಿದಂತೆ ಅವರ ದವಡೆಯೂ ಆಡುತ್ತಿತ್ತು. "ಚರ್ಮದ ತುಂಡು ಸಿಕ್ತಾ? ಹೆಂಗೈತೆ? ಮೆತ್ತಗೈತಾ? ಕಟುಂ ಅಂತೈತಾ?" ಎಂದು ಕೇಳಿ ಕೇಳಿ, ನಾವು ಹೇಳಿದ್ದನ್ನೇ ಉಂಡು ತೇಗುತ್ತಿದ್ದರು. ಆಮೇಲೆ ಅತ್ತಿಗೆ ಮಾಡಿದ ಕೋಳಿಸಾರನ್ನು ಹಾಜರಿ ಹಾಕುವಷ್ಟೇ ನಿಷ್ಠೆಯಿಂದ ತಿಂದು ಮುಗಿಸುತ್ತಿದ್ದರು. ಒಮ್ಮೆ ಮದುವೆಯೊಂದರ ಬೀಗರೂಟದಲ್ಲಿ ಬಡಿಸುವವನು ತಿಳಿಯದೆ ಅವರ ಎಲೆಗೆ ಹಂದಿಯ ತುಂಡು ಹಾಕಿಬಿಟ್ಟ. ರೈಟರಣ್ಣ ಅದನ್ನು ನೆಂಟರ ಮಗುವನ್ನು ನೋಡುವಂತೆ ಪ್ರೀತಿಯಿಂದ ನೋಡಿದರು. ಆಮೇಲೆ ಎಲೆಯನ್ನೇ ಹಾಗೆಯೇ ನನ್ನ ಮುಂದಕ್ಕೆ ಸರಿಸಿ, ಬೇರೆ ಎಲೆ ಹಾಕಿಸಿಕೊಂಡರು. ಸಾಯುವವರೆಗೆ ಅವರು ಒಂದು ತುಂಡನ್ನೂ ಬಾಯಿಗೆ ಹಾಕಲಿಲ್ಲ. ಇದಕ್ಕೆ ನಾನು ಯಾವ ಕೋರ್ಟಿನಲ್ಲೂ ಸಾಕ್ಷಿ ಹೇಳಬಲ್ಲೆ.

ಅವರು ಕೆಲಸ ಬಿಟ್ಟ ಮೇಲೆ ಬೆಳಗೋಡಿನ ಹತ್ತಿರ ಒಂದು ಪುಟ್ಟ ಮನೆ ಕಟ್ಟಿಸಿದ್ದರು. ನನಗೆ ಆಲೂರಿಗೆ ವರ್ಗವಾಗಿತ್ತು. ಒಂದು ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ನಾನು ಮಕ್ಕಳ ಹಾಗೆ ಅತ್ತಿದ್ದೆ. ಈಗ ಈ ತಿಥಿಯ ಪಂಚಾಯಿತಿ.

ತಿಥಿಯ ದಿನ ನಾನು ಹೋಗುವ ಹೊತ್ತಿಗೆ ಜಗಲಿಯ ಮೇಲೆ ಎರಡು ಪಕ್ಷ ಕೂತಿತ್ತು. ಗುಡ್ಡದಿಂದ ಬಂದ ಅವರ ಅಣ್ಣ ಒಂದು ಕಡೆ. "ನನ್ ತಮ್ಮ ಇಷ್ಟು ವರ್ಷ ಬಾಯಿ ಕಟ್ಕೊಂಡಿದ್ದು ಸಾಲ್ದಾ? ಸತ್ ಮೇಲೂ ಬಾಯಿ ಕಟ್ಬೇಕಾ? ಜೀವ ಹೋಯ್ತು, ಹರಕೆನೂ ಹೋಯ್ತು" ಎಂದು ಅವರ ವಾದ. ಅತ್ತಿಗೆಯ ತಮ್ಮ ಇನ್ನೊಂದು ಕಡೆ. "ಗಂಗಮ್ಮನ ಮುಂದೆ ಬುಟ್ಟಿದ್ನ ಎಲೆಗೆ ಹಾಕಿದ್ರೆ ಭಾವ ಎಲೆ ಮುಟ್ತಾರಾ? ಎಲೆ ಮುಟ್ದೆ ಎದ್ದೋದ್ರೆ ಯಾರು ಜವಾಬ್ದಾರಿ?" ಎಂದು ಅವನ ವಾದ. ಇಬ್ಬರಿಗೂ ರೈಟರಣ್ಣನ ಮೇಲೆ ಪ್ರಾಣ. ಅದಕ್ಕೇ ಇಬ್ಬರೂ ಒಬ್ಬರನ್ನೊಬ್ಬರು ತಿನ್ನುವಂತೆ ನೋಡುತ್ತಿದ್ದರು. ಅಣ್ಣನಾದವರು ಮುಂಜಾಗ್ರತೆಗೆ ಮಾಂಸವನ್ನೂ ತಂದಿದ್ದರು. ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣ ಅಂಗಳದ ಕಾಫಿ ಗಿಡಕ್ಕೆ ನೇತಾಡುತ್ತಿತ್ತು. ಕೆಳಗೆ ನಾಯಿ ಕಾವಲು ಕೂತಿತ್ತು.

ನಾನು ಕಂಡದ್ದನ್ನು ಕಂಡಹಾಗೆ ಹೇಳಿದೆ. ಗಂಗೆ, ಹಂದಿ, ಪುರೋಹಿತರು, ಮೆಟ್ಟಿಲ ಮೇಲೆ ರೈಟರಣ್ಣ ಹೇಳಿದ ಮಾತು, ಎಲ್ಲ. ಪುರೋಹಿತರು ಪಿಸುಗುಟ್ಟಿದ್ದನ್ನು ಹೇಳುವಾಗ ಎರಡು ಪಕ್ಷದವರೂ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಮತ್ತೆ ಇದ್ದಲ್ಲಿಗೇ ಬಂದರು. "ನೋಡಿದ್ರಾ, ಬುಟ್ಟಿದ್ದು ನಿಜ" ಎಂದ ಪಾಳ್ಯದವನು. "ನೋಡಿದ್ರಾ, ಎಷ್ಟು ಇಷ್ಟ ಇತ್ತು" ಎಂದರು ಗುಡ್ಡದವರು. ನನ್ನ ಸಾಕ್ಷಿಯಿಂದ ಮೂರು ಕಾಸಿನ ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದರು. ಯಾರನ್ನೂ ನೋಡದೆ ಅಂಗಳಕ್ಕೆ ಇಳಿದು, ನಾಯಿಯನ್ನು ಗದರಿಸಿ, ಗಿಡದಿಂದ ಪೊಟ್ಟಣ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ನನಗೆ ತಿಳಿದಂತೆ ಅವರು ಅದನ್ನು ಮುಟ್ಟಿದ್ದು ಅದೇ ಮೊದಲು.

"ತಿನ್ನೋದು ಬುಡೋದು ಅವರದು. ಬಡ್ಸೋದು ನನ್ನದು. ನಾನು ಬಡ್ಸಿ ಮಡಗ್ತೀನಿ. ಗಂಗಮ್ಮನ್ನ ಕೇಳ್ಕೊಂಡು ತಿಂತಾರೋ, ನೋಡ್ಕೊಂಡು ಎದ್ದೋಯ್ತಾರೋ, ಅದು ಅವರವರಿಗೆ ಸೇರಿದ್ದು. ನೀವ್ಯಾರು ಮಧ್ಯದಲ್ಲಿ?" ಎಂದರು.

ಪೊಟ್ಟಣ ಹಿಡಿದು ಅವರು ಹಿತ್ತಲಿಗೆ ಹೋಗಲಿಲ್ಲ. ನೇರ ಅಡುಗೆಮನೆಗೆ ಹೊರಟರು. "ಅಕ್ಕಾ, ಒಳಕ್ಕಾ?" ಎಂದು ತಮ್ಮ ಹೌಹಾರಿ ಎದ್ದ. "ಬದುಕಿದ್ದಷ್ಟು ದಿನ ಹೊರಗೆ ಕೂರ್ಸಿದ್ದಾಯ್ತು. ಇವತ್ತೂ ಹೊರಗೆ ಕೂರಿ ಅನ್ಲಾ?" ಎಂದು ಅತ್ತಿಗೆ ತಿರುಗಿ ಕೂಡ ನೋಡಲಿಲ್ಲ.

ಯಾರೂ ಹೇಳಿಕೊಡಬೇಕಾಗಲಿಲ್ಲ. ಕಿಟಕಿಯ ಹಿಂದೆ ನಿಂತು ರೊಟ್ಟಿ ತಟ್ಟುತ್ತ ಅಷ್ಟು ವರ್ಷ ಕೇಳಿದ ಪಾಠ ಪೂರ್ತಿ ಬಾಯಿಪಾಠವಾಗಿತ್ತು. ಉಪ್ಪು, ಅರಿಶಿನ, ಖಾರ. ಶುಂಠಿ ಜಜ್ಜಿದರು, ಅರೆಯಲಿಲ್ಲ. ಮಗಳು ಎಣ್ಣೆ ಡಬ್ಬಿ ತಂದರೆ ಅವಳ ಕೈ ಮೇಲೆ ಹೊಡೆದರು. ಗುಡ್ಡದ ಅಣ್ಣ ಮುಚ್ಚಳ ತೆಗೆಯಲು ಹೋದರೆ ಸೌಟು ತೋರಿಸಿದರು. ಹೊಸ ಮನೆಯ ಗ್ಯಾಸ್ ಒಲೆಯ ಮೇಲೆ, ದೇವರ ಗೂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕಾಳುಮೆಣಸಿನ ಆ ಘಮ ಎದ್ದಾಗ ಜಗಲಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ಗುಂಪುಗೂಡಿದರು. ಪಾಳ್ಯದ ತಮ್ಮನೂ ಬಂದ. ಎದ್ದು ಹೋಗುತ್ತೇನೆಂದವನು ಎಲ್ಲರಿಗಿಂತ ಮುಂದೆ ನಿಂತಿದ್ದ.

ಮಗಳು ಎಲೆ ಹಾಕಿದಳು. ಅತ್ತಿಗೆ ಸೌಟು ಹಿಡಿದವರು ನಿಂತುಬಿಟ್ಟರು. "ಉಪ್ಪು ಸರಿಯಾಗೈತೋ ಇಲ್ವೋ" ಎಂದರು. "ನಾನು ನೋಡ್ತೀನಿ" ಎಂದು ಬಾಗಿಲಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಕೈ ಚಾಚಿದರು. "ನೀವು ಸೂಪರ್ ಅನ್ನೋರು, ಸುಮ್ನೆ ನಿಲ್ಲಿ" ಎಂದು ಒಂದು ತುಂಡನ್ನು ತಾವೇ ಎತ್ತಿಕೊಂಡರು.

"ಅಕ್ಕಾ, ಎಡೆಗೆ ಇಡೋದ್ನ ಎಂಜಲು ಮಾಡ್ತಾರಾ?" ಎಂದ ತಮ್ಮ.

"ಮದುವೆಯಾದಾಗಿಂದ ಅವರು ಉಂಡೆದ್ದ ಎಲೇಲಿ ನಾನು ಉಂಡಿಲ್ವಾ? ಇವತ್ತೊಂದಿನ ನನ್ನ ಎಂಜಲು ಅವರು ಉಣ್ಲಿ" ಎಂದು, ಮಕ್ಕಳು ಔಷಧಿ ಕುಡಿಯುವಾಗ ಮಾಡುವಂತೆ ಕಣ್ಣು ಬಿಗಿಯಾಗಿ ಮುಚ್ಚಿ, ಅತ್ತಿಗೆ ಆ ತುಂಡನ್ನು ಬಾಯಿಗೆ ಹಾಕಿಕೊಂಡರು.

ಉಗುಳುತ್ತಾರೆ ಎಂದುಕೊಂಡು ಮಗಳು ಚೊಂಬು ಹಿಡಿದು ಹತ್ತಿರ ಹೋದಳು. ಅತ್ತಿಗೆ ಅಗಿದರು. ನಿಲ್ಲಿಸಿದರು. ಕಣ್ಣು ಬಿಟ್ಟು ಪಾತ್ರೆಯ ಕಡೆ ನೋಡಿದರು. ಮತ್ತೆ ಅಗಿದು, ನುಂಗಿ, ಇನ್ನೊಂದು ತುಂಡು ತೆಗೆದುಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ.

"ಉಪ್ಪು ಹೆಂಗೈತೆ ಅತ್ತಿಗೆ?" ಎಂದೆ ನಾನು.

ಅತ್ತಿಗೆ ಒಲೆಯ ಮುಂದೆ ನೆಲದ ಮೇಲೆ ಕುಸಿದು ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ, ಎರಡೂ ಒಟ್ಟಿಗೇ ಬರುತ್ತಿತ್ತು.

"ಅಯ್ಯೋ ಮಾರಾಯ್ರೆ," ಎಂದರು, ನನ್ನನ್ನಲ್ಲ, ಖಾಲಿ ಎಲೆಯನ್ನು ನೋಡುತ್ತ. "ಇಷ್ಟು ಚೆನ್ನಾಗಿರೋದ್ನ ಬುಟ್ಬುಟ್ರಾ ನನಗೋಸ್ಕರ?"